ಮುಖ ನೋಡಿ ತೆರೆಯುವ ಬೀಗ: ಜೆರಾಕ್ಸ್ ಹಾಳೆಗೂ ಬಾಗಿಲು ತೆರೆದಾಗ

ಮುಖ ಗುರುತಿಸಿ ತೆರೆಯುವ ಬೀಗ ಮಾಡುವುದು ಈಗ ದೊಡ್ಡ ಕೆಲಸವಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಒಂದು ಕ್ಯಾಮೆರಾ, ತಂತಿ ಸುರುಳಿಯ ಅಯಸ್ಕಾಂತದಿಂದ ನಾಲಿಗೆ ಎಳೆಯುವ 12 ವೋಲ್ಟಿನ ಸಾಲಿನಾಯ್ಡ್ ಬೀಗ, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಇಷ್ಟಿದ್ದರೆ ಬಾಗಿಲು ಟಕ್ ಅಂತ ತೆರೆಯುತ್ತದೆ. ಅಸಲಿ ಕೆಲಸ ಶುರುವಾಗುವುದು ಆಮೇಲೆ. ಬೇಡದವರು ನಿಂತಾಗ ಅದು ಸುಮ್ನೆ ಇರುತ್ತದೆಯೇ? ಕರೆಂಟು ಹೋದರೆ? ಯಾರಾದರೂ ಹೊರಗಿನ ತಂತಿ ಕಿತ್ತರೆ? ಸಾಫ್ಟ್‌ವೇರ್ ನಡುವೆ ನಿಂತುಬಿಟ್ಟರೆ? ಇದು ಆ ಪರೀಕ್ಷೆಗಳ ದಾಖಲೆ. ಜೋಡಿಸುವ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಪರೀಕ್ಷೆಯನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ.

ಮನೆ ಮೈಸೂರಿನಲ್ಲಿದೆ. ಮುಂಬಾಗಿಲು ಪಶ್ಚಿಮಕ್ಕೆ. ಅಮ್ಮನಿಗೆ ಬೆರಳಿನ ಗಂಟುಗಳಲ್ಲಿ ನೋವು, ಹಳೆಯ ಬೀಗದಲ್ಲಿ ಕೀ ತಿರುಗಿಸುವುದು ಅವರಿಗೆ ನಿಜಕ್ಕೂ ಸಂಕಟ. ಮಾರುಕಟ್ಟೆಯಲ್ಲಿ ಬೆರಳಚ್ಚಿನ ಬೀಗಗಳು ಬೇಕಾದಷ್ಟಿವೆ. ಆದರೆ ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಸುಸ್ತಾಗುವ ಹಿರಿಯರನ್ನು ನೀವೂ ನೋಡಿರುತ್ತೀರಿ ಅಲ್ವಾ. ಅಮ್ಮನದೂ ಅದೇ ಕತೆ. ಹಾಗಾಗಿ ಮುಖ.

ಮೊದಲು ತಂತಿ, ಆಮೇಲೆ ಬುದ್ಧಿ

ಬೀಗದಲ್ಲಿ ಎರಡು ಜಾತಿ. ಅಯಸ್ಕಾಂತದ ಬೀಗಕ್ಕೆ ಸದಾ ಕರೆಂಟು ಬೇಕು. ಕರೆಂಟು ಹೋದರೆ ಬಾಗಿಲು ತೆರೆದುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಗೆ ಬರಲಿ ಎಂದು ಆಫೀಸುಗಳಲ್ಲಿ ಇದನ್ನು ಹಾಕುತ್ತಾರೆ. ಸಾಲಿನಾಯ್ಡ್ ಬೀಗ ಇದಕ್ಕೆ ತಿರುಗಾಮುರುಗಾ. ಕರೆಂಟು ಕೊಟ್ಟಾಗ ಮಾತ್ರ ನಾಲಿಗೆ ಒಳಕ್ಕೆ ಸರಿಯುತ್ತದೆ, ಇಲ್ಲದಿದ್ದರೆ ಸ್ಪ್ರಿಂಗು ಅದನ್ನು ಹೊರಗೇ ಇಟ್ಟಿರುತ್ತದೆ. ಮನೆಗೆ ನಾನು ಆರಿಸಿದ್ದು ಎರಡನೆಯದು. ಆದರೆ ಅದನ್ನು ಹಾಕುವುದಾದರೆ ಒಂದು ಮಾತಿನಲ್ಲಿ ರಾಜಿ ಇಲ್ಲ. ಒಳಗಿನಿಂದ ಕರೆಂಟೇ ಇಲ್ಲದೆ, ಕೈಯಿಂದಲೇ ಬಾಗಿಲು ತೆರೆಯಬೇಕು. ನಾಲಿಗೆಗೆ ಒಳಬದಿಯಲ್ಲಿ ಒಂದು ಅಗಲವಾದ ಹಿಡಿ ಜೋಡಿಸಿದೆ. ಅಮ್ಮ ಅದನ್ನು ಮೊಣಕೈಯಿಂದಲೂ ತಳ್ಳಬಲ್ಲರು. ಹೊರಗಿನಿಂದ ಹಳೆಯ ಕೀ ಹಾಗೇ ಉಳಿಯಿತು.

ಬಹಳ ಜನ ಪೈಯಿಂದ ನೇರವಾಗಿ ರಿಲೇ ಬೋರ್ಡಿಗೆ, ಅಂದರೆ ಸಣ್ಣ ಸಿಗ್ನಲ್ಲಿಗೆ ಆನ್ ಆಗುವ ಸ್ವಿಚ್ಚಿಗೆ, ತಂತಿ ಎಳೆಯುತ್ತಾರೆ. ಅಗ್ಗದ ರಿಲೇ ಬೋರ್ಡುಗಳು ಹೆಚ್ಚಾಗಿ ಸಿಗ್ನಲ್ ಕೆಳಗಿಳಿದಾಗ ಆನ್ ಆಗುವಂಥವು. ಪೈ ಆನ್ ಆಗುವಾಗ ಸಿಗ್ನಲ್ ಕೊಡುವ ಅದರ ಪಿನ್‌ಗಳಲ್ಲಿ (ಇವಕ್ಕೆ ಜಿಪಿಐಒ ಎನ್ನುತ್ತಾರೆ) ಕೆಲವು ತಾವಾಗಿಯೇ ಮೇಲಿರುತ್ತವೆ, ಅಂದರೆ ವೋಲ್ಟೇಜ್ ಇರುತ್ತದೆ, ಕೆಲವು ಕೆಳಗಿರುತ್ತವೆ. ಜಿಪಿಐಒ 0ರಿಂದ 8ರವರೆಗೆ ಮೇಲೆ, 9ರಿಂದ 27ರವರೆಗೆ ಕೆಳಗೆ. ಎಲ್ಲರೂ ಬಳಸುವ ಜಿಪಿಐಒ 17ಕ್ಕೆ ಅಂಥ ಬೋರ್ಡು ಹಾಕಿದರೆ, ಕರೆಂಟು ಹೋಗಿ ಬಂದಾಗಲೆಲ್ಲ ಪ್ರೋಗ್ರಾಂ ಶುರುವಾಗುವ ಮೊದಲೇ ಬೀಗ ತೆರೆದುಕೊಳ್ಳುವ ಸಾಧ್ಯತೆ ಇದೆ. ಮುಖವೂ ಬೇಡ, ಕೀಯೂ ಬೇಡ. ಬೀದಿಯ ಮೀಟರ್ ಪೆಟ್ಟಿಗೆಯಲ್ಲಿ ಫ್ಯೂಸು ಕಿತ್ತು ಹಾಕಿದರೆ ಸಾಕು.

ಅದಕ್ಕೆ ನಾನು ರಿಲೇ ಬಿಟ್ಟು, ಒಂದು ಗುದ್ದು ಕೊಟ್ಟರೆ ನಿಗದಿತ ಹೊತ್ತು ಮಾತ್ರ ಆನ್ ಇರುವ ಹಳೆಯ 555 ಟೈಮರ್ ಚಿಪ್ ಹಿಡಿದೆ. ಪೈಯ ಜಿಪಿಐಒ 17 ಪಿನ್ನು ಒಂದು ಬಿಸಿ547 ಟ್ರಾನ್ಸಿಸ್ಟರನ್ನು ಆನ್ ಮಾಡುತ್ತದೆ. ಅದು ಸಣ್ಣ ಕೆಪಾಸಿಟರ್ ಮೂಲಕ 555ರ ಟ್ರಿಗರ್ ಕಾಲಿಗೆ ಒಂದು ಗುದ್ದು ಕೊಡುತ್ತದೆ. 470 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 555 ಸುಮಾರು 5 ಸೆಕೆಂಡು ಮಾತ್ರ ಆನ್ ಇರುತ್ತದೆ. ಅದು ಮಾಸ್‌ಫೆಟ್ ಎಂಬ, ದೊಡ್ಡ ಹೊರೆ ತಡೆಯುವ ಟ್ರಾನ್ಸಿಸ್ಟರಿನ ಮೂಲಕ ಸಾಲಿನಾಯ್ಡನ್ನು ಎಳೆಯುತ್ತದೆ. ಪ್ರೋಗ್ರಾಂ ನೇತುಬಿದ್ದು ಪಿನ್ನು ಮೇಲೆಯೇ ಉಳಿದರೂ 5 ಸೆಕೆಂಡಿಗೆ ಬೀಗ ಬೀಳುತ್ತದೆ. ಈ ಸಾಲಿನಾಯ್ಡುಗಳು ತುಂಬ ಹೊತ್ತು ಆನ್ ಇದ್ದರೆ ಸುರುಳಿ ಸುಟ್ಟು ವಾಸನೆ ಬರುತ್ತದೆ, ಆ ಅಪಾಯವೂ ತಪ್ಪಿತು. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಲೇಬೇಕು. ಅದಿಲ್ಲದಿದ್ದರೆ ಬೀಗ ಬೀಳುವ ಕ್ಷಣದ ವೋಲ್ಟೇಜ್ ಹೊಡೆತಕ್ಕೆ ಮಾಸ್‌ಫೆಟ್ ಹೋಗಬಹುದು, ಪೈ ರೀಸೆಟ್ ಆಗಬಹುದು.

ಕರೆಂಟಿಗೆ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ, ಅದಕ್ಕೊಂದು ಚಾರ್ಜರ್. ಪೈ, ಕ್ಯಾಮೆರಾ, ಲೈಟು ಎಲ್ಲ ಸೇರಿ 7 ವ್ಯಾಟ್ ಹತ್ತಿರ ಎಳೆಯುತ್ತವೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಲೆಕ್ಕ ಹಾಕಿದರೆ ಏಳು ಗಂಟೆ ಬರುತ್ತದೆ. ನಮ್ಮ ಕಡೆ ಲೈನ್ ಕೆಲಸಕ್ಕೆ ಕರೆಂಟು ತೆಗೆದರೂ ಅಷ್ಟು ಹೊತ್ತು ಸಾಕು.

ಹೊರಗೆ ಕಾಣುವುದು ಕ್ಯಾಮೆರಾ, ಲೈಟು, ಸ್ಪೀಕರ್ ಮಾತ್ರ. ಉಳಿದದ್ದೆಲ್ಲ ಗೋಡೆಯ ಒಳಬದಿಯಲ್ಲಿದೆ. ಬೀಗಕ್ಕೆ ಹೋಗುವ ಎರಡು ತಂತಿಗಳು ಹೊರಗಿನ ಪೆಟ್ಟಿಗೆಯಲ್ಲಿ ಇದ್ದರೆ, ಸ್ಕ್ರೂಡ್ರೈವರ್ ಇರುವ ಯಾರು ಬೇಕಾದರೂ ಅದಕ್ಕೆ ಬ್ಯಾಟರಿ ಕೊಟ್ಟು ಬಾಗಿಲು ತೆರೆಯಬಹುದು. ಎಷ್ಟೇ ಜಾಣ ಸಾಫ್ಟ್‌ವೇರ್ ಇದ್ದರೂ ಅಲ್ಲಿ ಪ್ರಯೋಜನವಿಲ್ಲ.

ಸಾಫ್ಟ್‌ವೇರ್ ಜೋಡಿಸುವ ಮೊದಲೇ ಇಷ್ಟನ್ನೂ ಪರೀಕ್ಷೆ ಮಾಡಿದೆ. ಪೈಯ ಕರೆಂಟು ಕಿತ್ತೆ, ಮತ್ತೆ ಕೊಟ್ಟೆ. ಮೆಮೊರಿ ಕಾರ್ಡನ್ನು ನಡುವೆಯೇ ತೆಗೆದೆ. ಕ್ಯಾಮೆರಾದ ಪಟ್ಟಿ ತಂತಿ ಎಳೆದೆ. ಬ್ಯಾಟರಿಯ ಒಂದು ಕಾಲು ಬಿಚ್ಚಿ ಮುಟ್ಟಿಸಿ ಮುಟ್ಟಿಸಿ ನೋಡಿದೆ. 12 ವೋಲ್ಟ್ ಬಂದ ತಕ್ಷಣ 555 ಕೆಲವು ಸಲ ತಾನಾಗಿ ಒಂದು ಬಾರಿ ಗುದ್ದುತ್ತಿತ್ತು. ಅದರ ರೀಸೆಟ್ ಕಾಲಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ, ಮೊದಲ ಕ್ಷಣ ಅದನ್ನು ಕಟ್ಟಿಹಾಕಿದ ಮೇಲೆ ನಿಂತಿತು. ಈ ದೋಷ ಮುಖದ ಪರೀಕ್ಷೆಯಲ್ಲಿ ಯಾವತ್ತೂ ಕಾಣುತ್ತಿರಲಿಲ್ಲ.

ಮುಖ ಹೇಗೆ ಅಂಕಿಯಾಗುತ್ತದೆ

ಕಂಪ್ಯೂಟರಿಗೆ ಚಿತ್ರ ನೋಡಲು ಕಲಿಸುವ ಪುಕ್ಕಟೆ ಸಾಫ್ಟ್‌ವೇರ್ ಓಪನ್‌ಸಿವಿಯಲ್ಲಿ 4.5.4 ಆವೃತ್ತಿಯಿಂದ ಎರಡು ಸಲಕರಣೆ ಒಟ್ಟಿಗೆ ಬರುತ್ತವೆ. ಯುನೆಟ್ ಎನ್ನುವುದು ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಜೊತೆಗೆ ಐದು ಚುಕ್ಕಿ ಕೊಡುತ್ತದೆ: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ. ಎಸ್‌ಫೇಸ್ ಎನ್ನುವುದು ಆ ಮುಖವನ್ನು ನೇರ ಮಾಡಿ, 112 ಪಿಕ್ಸೆಲ್ ಚೌಕಕ್ಕೆ ತಂದು, 128 ಅಂಕಿಗಳ ಒಂದು ಸಾಲು ಮಾಡುತ್ತದೆ. ಎರಡು ಮುಖಗಳ ಸಾಲುಗಳು ಎಷ್ಟು ಒಂದೇ ದಿಕ್ಕಿಗಿವೆ ಎಂದು ಲೆಕ್ಕ ಹಾಕಿದರೆ ಒಂದು ಹೋಲಿಕೆ ಅಂಕ ಸಿಗುತ್ತದೆ. ಅಂಕ 1ರ ಹತ್ತಿರ ಬಂದಷ್ಟೂ ಹೋಲಿಕೆ ಜಾಸ್ತಿ. ಓಪನ್‌ಸಿವಿಯವರು ಹೇಳುವ ಗಡಿ 0.363. ಅದಕ್ಕಿಂತ ಮೇಲಿದ್ದರೆ ಒಬ್ಬರೇ, ಕೆಳಗಿದ್ದರೆ ಬೇರೆಯವರು.

ಹಲವರು ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಡಿಲಿಬ್ ಬಳಸುತ್ತಾರೆ, ಅದೂ ಒಳ್ಳೆಯದೇ. ಆದರೆ ಪೈ ಮೇಲೆ ಅದನ್ನು ಕಂಪೈಲ್ ಮಾಡಿ ಓಡುವಂತೆ ಮಾಡಲು ತುಂಬ ಹೊತ್ತು ಬೇಕು. ಯುನೆಟ್ ತುಂಬ ಹಗುರ, ಪೈ 4ರಲ್ಲಿ ಸಲೀಸಾಗಿ ಓಡುತ್ತದೆ.

ಆ 0.363 ಎಲ್ಲಿಂದ ಬಂತು ಎಂದು ತಿಳಿದಿರಬೇಕು. ಎಲ್‌ಎಫ್‌ಡಬ್ಲ್ಯೂ ಎಂಬ ಚಿತ್ರಸಂಗ್ರಹದ ಮೇಲೆ ಲೆಕ್ಕ ಹಾಕಿ ಆರಿಸಿದ ಗಡಿ ಅದು. 2007ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಹೊರತಂದ ಸಂಗ್ರಹ, 5,749 ಜನರ 13,233 ಚಿತ್ರಗಳು. ಎಲ್ಲ ಸುದ್ದಿ ಚಿತ್ರಗಳು, ಹೆಚ್ಚಿನವರು ಹೆಸರುವಾಸಿ ಮಂದಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಅದರ ಮೇಲೆ ಮುಖ ಗುರುತಿಸುವ ಇವತ್ತಿನ ಒಳ್ಳೆಯ ಮಾದರಿಗಳು 99 ಪ್ರತಿಶತಕ್ಕಿಂತ ಮೇಲೆ ಅಂಕ ಪಡೆಯುತ್ತವೆ. ನಮ್ಮ ಬಾಗಿಲಿಗೆ ಬರುವವರು ಹಾಗಲ್ಲ. ಅಣ್ಣ ತಮ್ಮ, ಅಕ್ಕ ತಂಗಿ, ಅಪ್ಪ ಮಗ ಬರುತ್ತಾರೆ. ಒಂದೇ ಕುಟುಂಬದ ಮೂಗು, ಒಂದೇ ಕುಟುಂಬದ ಹಣೆ.

ನಮ್ಮವರನ್ನು ನಮ್ಮವರೆಂದು ಹೇಳಿಸುವುದು

ಇದು ಸುಲಭದ ಭಾಗ, ಆದರೂ ಮಜವಾದದ್ದು. ಹಗಲಿನಲ್ಲಿ, ಮೋಡವಿರುವಾಗ, ಮನೆಯವರೆಲ್ಲರ ಅಂಕ 0.65ರ ಮೇಲೆ. ಕನ್ನಡಕ ಹಾಕಿದರೂ ತೆಗೆದರೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಂಕ ಬೀಳಿಸಿದ್ದು ನಮ್ಮ ಬದುಕಿನ ಮಾಮೂಲಿ ಸಂಗತಿಗಳು.

ಅಪ್ಪ ಅಯ್ಯಪ್ಪ ಮಾಲೆ ಹಾಕಿದ್ದರು. ಮಂಡಲ ಮುಗಿಯುವವರೆಗೆ ಗಡ್ಡ ತೆಗೆಯುವಂತಿಲ್ಲ. ಗಡ್ಡ ದಟ್ಟವಾದಂತೆ ಅಂಕ ಇಳಿಯುತ್ತ ಬಂತು, ಆದರೂ 0.5ರ ಮೇಲೆಯೇ ನಿಂತಿತು. ಹಣೆಯ ವಿಭೂತಿ ಒಂಚೂರೂ ತೊಂದರೆ ಕೊಡಲಿಲ್ಲ. ನಮ್ಮ ಚಿಕ್ಕಪ್ಪ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಾಗ ಅವರನ್ನೂ ನಿಲ್ಲಿಸಿದೆ. ಮೊದಲು ತೆಗೆದಿಟ್ಟ ಚಿತ್ರದಲ್ಲಿ ತಲೆತುಂಬ ಕೂದಲು, ಮೀಸೆ. ಈಗ ಎರಡೂ ಇಲ್ಲ. ಮನೆಯ ಮಕ್ಕಳಿಗೇ ಅವರ ಗುರುತು ಒಂದು ಕ್ಷಣ ಸಿಕ್ಕಿರಲಿಲ್ಲ, ಯಂತ್ರಕ್ಕೆ ಸಿಕ್ಕಿತು. ಎಸ್‌ಫೇಸ್ ಕತ್ತರಿಸಿಕೊಳ್ಳುವುದು ಮುಖದ ನಡುಭಾಗವನ್ನು, ಕೂದಲಿಗೆ ಅಲ್ಲಿ ಜಾಸ್ತಿ ಜಾಗವಿಲ್ಲ.

ಸೋತದ್ದು ಮಂಕಿ ಕ್ಯಾಪಿಗೆ. ಡಿಸೆಂಬರಿನ ಬೆಳಿಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬರುವಾಗ ಹುಬ್ಬು, ಕೆನ್ನೆ, ಗದ್ದ ಎಲ್ಲ ಉಣ್ಣೆಯೊಳಗೆ. ಯುನೆಟ್ ಮುಖ ಇದೆ ಎನ್ನುತ್ತದೆ, ಎಸ್‌ಫೇಸಿನ ಅಂಕ 0.3 ದಾಟುವುದಿಲ್ಲ. ಬಿಸಿಲಿಗೆ ಅಮ್ಮ ಸೆರಗನ್ನು ತಲೆಯ ಮೇಲೆಳೆದು ಹಣೆ ಮುಚ್ಚಿದಾಗಲೂ ಅಂಕ ಕುಸಿಯುತ್ತದೆ. ಇದಕ್ಕೆ ಗಡಿಯನ್ನು ಕೆಳಗೆ ಇಳಿಸುವುದು ಪರಿಹಾರವಲ್ಲ. ಟೋಪಿ ಸರಿಸಿ, ಸೆರಗು ಸರಿಸಿ, ಅಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ಕೊಟ್ಟದ್ದು ಸೂರ್ಯ. ಬಾಗಿಲು ಪಶ್ಚಿಮಕ್ಕಿದೆ, ಅಂದರೆ ಹೊರಗೆ ನೋಡುವ ಕ್ಯಾಮೆರಾ ಸಂಜೆ ನೇರವಾಗಿ ಸೂರ್ಯನನ್ನೇ ನೋಡುತ್ತದೆ. ಎದುರಿಗೆ ನಿಂತವರ ಮುಖ ಕರಿ ನೆರಳು. ಕ್ಯಾಮೆರಾವನ್ನು ಚೌಕಟ್ಟಿನ ಪಕ್ಕಕ್ಕೆ ಸರಿಸಿ, ಉತ್ತರದ ಕಡೆ ಓರೆಯಾಗಿ ತಿರುಗಿಸಿ, ಮೇಲೆ ಒಂದು ತಗಡಿನ ಮರೆ ಕಟ್ಟಿದ ಮೇಲೆ ಸರಿಹೋಯಿತು. ಬೆಳಕಿನ ಅಳತೆಯನ್ನು ಇಡೀ ಚಿತ್ರಕ್ಕೆ ಬಿಟ್ಟು ಮುಖದ ಚೌಕಕ್ಕೆ ಮಾತ್ರ ಮಾಡಿಸಿದ್ದೂ ಸಹಾಯವಾಯಿತು. ಕ್ಯಾಮೆರಾ ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವ ಮೊದಲು ಸಂಜೆ ಐದಕ್ಕೆ ಹೊಸಿಲ ಮೇಲೆ ನಿಂತು ಹೊರಗೆ ನೋಡಿ. ನಿಮ್ಮ ಕಣ್ಣು ಕುಕ್ಕಿದರೆ ಕ್ಯಾಮೆರಾದ್ದೂ ಕುಕ್ಕುತ್ತದೆ.

ಬಂಧುಗಳ ಪರೀಕ್ಷೆ

ಗೌರಿ ಗಣೇಶ ಹಬ್ಬಕ್ಕೆ ಮನೆತುಂಬ ಜನ. ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದವರನ್ನು ಮಾತ್ರ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಅವರ ಮುಖ ಬೀಗದ ಪಟ್ಟಿಯಲ್ಲಿ ಇಲ್ಲ. ಸರಿಯಾಗಿ ಕೆಲಸ ಮಾಡುವ ಬೀಗ ಇವರಲ್ಲಿ ಯಾರಿಗೂ ತೆರೆಯಬಾರದು. ಅಂಕ ಬರೆದುಕೊಂಡು ಚಿತ್ರಗಳನ್ನು ಅಲ್ಲೇ ಅಳಿಸಿದೆ.

ಹೊರಗಿನವರ ಅಂಕ ಹೆಚ್ಚಾಗಿ 0.1, 0.2. ನನ್ನ ತಮ್ಮ ನಿಂತಾಗ ನನ್ನ ಚಿತ್ರದ ಜೊತೆ 0.41 ಬಂತು. ಓಪನ್‌ಸಿವಿಯವರ 0.363 ಗಡಿ ಇಟ್ಟಿದ್ದರೆ ಬಾಗಿಲು ಅವನಿಗೆ ತೆರೆಯುತ್ತಿತ್ತು. ಅಮ್ಮ ಮತ್ತು ಚಿಕ್ಕಮ್ಮನ ನಡುವೆ 0.47. ಅಮ್ಮನ ಮುಖಕ್ಕೆ ಸಂಜೆಯ ಮಂದ ಬೆಳಕಿನಲ್ಲಿ ಸಿಗುತ್ತಿದ್ದ ಅಂಕವೂ ಅದರ ಆಸುಪಾಸಿನದೇ! ಅಂದರೆ ಮಂದ ಬೆಳಕಿನ ಅಮ್ಮ ಮತ್ತು ಒಳ್ಳೆಯ ಬೆಳಕಿನ ಚಿಕ್ಕಮ್ಮ ಈ ಯಂತ್ರಕ್ಕೆ ಒಂದೇ.

ಇದು ನಮ್ಮ ಮನೆಯ ವಿಚಿತ್ರವೇನಲ್ಲ. ಆಪಲ್ ಕಂಪನಿಯೇ ಮುಖ ನೋಡಿ ಫೋನು ತೆರೆಯುವ ತನ್ನ ಫೇಸ್ ಐಡಿ ಬಗ್ಗೆ ಹೇಳುವಾಗ, ಅವಳಿಗಳು, ಹೋಲಿಕೆ ಇರುವ ಒಡಹುಟ್ಟಿದವರು, 13 ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ತಪ್ಪಾಗುವ ಸಾಧ್ಯತೆ ಬೇರೆ ಎಂದು ಎಚ್ಚರಿಸುತ್ತದೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2019ರ ಡಿಸೆಂಬರಿನಲ್ಲಿ ಹೊರತಂದ ವರದಿಯೂ ಓದಬೇಕಾದದ್ದು. ಒಬ್ಬರ ಬದಲು ಇನ್ನೊಬ್ಬರನ್ನು ಒಪ್ಪಿಕೊಳ್ಳುವ ತಪ್ಪು ಹಲವು ಅಲ್ಗಾರಿದಂಗಳಲ್ಲಿ ಬಿಳಿಯರಿಗಿಂತ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ 10ರಿಂದ 100 ಪಟ್ಟು ಜಾಸ್ತಿ ಎಂದು ಅದು ಕಂಡುಕೊಂಡಿತು. ಗಂಡಸರಿಗಿಂತ ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಮಕ್ಕಳಲ್ಲಿ ಕೂಡ ಈ ತಪ್ಪು ಜಾಸ್ತಿ. ನಮ್ಮ ಮನೆಯಲ್ಲಿ ಈ ಬೀಗ ಯಾರಿಗೆ ಅತಿ ಹೆಚ್ಚು ಬೇಕೋ ಅವರು ವಯಸ್ಸಾದ ಭಾರತೀಯ ಹೆಂಗಸು. ಪರೀಕ್ಷೆಯ ಭಾರವೆಲ್ಲ ಬೀಳಬೇಕಾದದ್ದು ಅವರ ಮುಖದ ಮೇಲೆಯೇ, ನನ್ನ ಮುಖದ ಮೇಲಲ್ಲ.

ಗಡಿಯನ್ನು 0.55ಕ್ಕೆ ಏರಿಸಿದೆ. ಚಿಕ್ಕಮ್ಮ ಹೊರಗುಳಿದರು. ಸಂಜೆ ಹೊತ್ತು ಅಮ್ಮನೂ ಹೊರಗುಳಿದರು. ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ನಿಂತ ಅಮ್ಮನಿಗೆ ಬೀಗ ತೆರೆಯದಿದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ಒಂದೇ ಅಂಕಿಯನ್ನು ಮೇಲೆ ಕೆಳಗೆ ಮಾಡುವುದರಿಂದ ಇದು ಬಗೆಹರಿಯುವುದಿಲ್ಲ ಎಂದು ಆಗ ಖಚಿತವಾಯಿತು.

ಇನ್ನೂ ಒಂದು ಲೆಕ್ಕ ಇದೆ. ಬೀಗ ಒಂದು ಸಲ ನೋಡಿ ಸುಮ್ಮನಾಗುವುದಿಲ್ಲ, ಸೆಕೆಂಡಿಗೆ ಹಲವು ಚಿತ್ರ ನೋಡುತ್ತದೆ. ಅಪರಿಚಿತರೊಬ್ಬರು ಅರ್ಧ ನಿಮಿಷ ನಿಂತು ಮುಖ ಆಚೀಚೆ ಮಾಡಿದರೆ ಅವರಿಗೆ ನೂರಾರು ಅವಕಾಶ. ಪಟ್ಟಿಯಲ್ಲಿ ಐದು ಜನ ಇದ್ದರೆ ಪ್ರತಿ ಚಿತ್ರಕ್ಕೂ ಐದು ಹೋಲಿಕೆ. ಸಾವಿರಕ್ಕೆ ಒಂದು ತಪ್ಪು ಎಂದರೂ ಹೀಗೆ ಕೂಡುತ್ತ ಹೋದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಅದಕ್ಕೆ ಎರಡು ನಿಯಮ ಹಾಕಿದೆ. ಸತತ ಐದು ಚಿತ್ರಗಳಲ್ಲಿ ಒಬ್ಬರೇ ಎಂದು ಬಂದರೆ ಮಾತ್ರ ಒಪ್ಪಿಗೆ. ಹದಿನೈದು ಸೆಕೆಂಡಿನಲ್ಲಿ ಒಪ್ಪಿಗೆ ಸಿಗದಿದ್ದರೆ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳುತ್ತದೆ.

ಫೋಟೊ, ಫೋನು, ಜೆರಾಕ್ಸು

ಅಮ್ಮನ ಒಳ್ಳೆಯ ಫೋಟೊ ಬೇಕೆಂದರೆ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬೇಕಾದಷ್ಟಿದೆ. ಎಲ್ಲರ ಮನೆಯಲ್ಲೂ ಹೀಗೇ. ಅದನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕ್ಯಾಮೆರಾಗೆ ಹಿಡಿದೆ. ಬಾಗಿಲು ತೆರೆಯಿತು. ಫೋನಿನ ಪರದೆಯಲ್ಲಿ ತೋರಿಸಿದೆ. ತೆರೆಯಿತು. ಎರಡಕ್ಕೂ ಸಿಕ್ಕ ಅಂಕ ಸಂಜೆಯ ನಿಜವಾದ ಅಮ್ಮನಿಗಿಂತ ಜಾಸ್ತಿ. ಸುಮ್ನೆ ಮುಖ ಹೋಲಿಸುವ ಬೀಗ ಏನೂ ಕಾಯುವುದಿಲ್ಲ ಎಂದು ಹೇಳಲು ಇದಕ್ಕಿಂತ ಸಾಕ್ಷಿ ಬೇಡ.

ಕಣ್ಣು ಮಿಟುಕಿಸುವ ಪರೀಕ್ಷೆ ಮೊದಲು ಹೊಳೆಯುವ ಉಪಾಯ. ಅಮ್ಮನಿಗೆ ಅದು ಹೊಸದೂ ಅಲ್ಲ. ಪಿಂಚಣಿಗೆ ಬೇಕಾದ ಜೀವನ್ ಪ್ರಮಾಣ, ಅಂದರೆ ಬದುಕಿದ್ದೇವೆ ಎನ್ನುವ ಪತ್ರ, ಕೊಡಲು ಮೊಬೈಲಿನಲ್ಲಿ ಮುಖ ತೋರಿಸುವಾಗ ಕಣ್ಣು ಮಿಟುಕಿಸಿ ಅಭ್ಯಾಸವಿದೆ. ಇಲ್ಲಿ ಅದರಿಂದ ಫೋಟೊ ನಿಂತಿತು, ಆದರೆ ಫೋನಿನಲ್ಲಿ ವಿಡಿಯೊ ಹಾಕಿ ತೋರಿಸಿದರೆ ವಿಡಿಯೊದ ಅಮ್ಮನೂ ಕಣ್ಣು ಮಿಟುಕಿಸುತ್ತಾರೆ. ಬಿಟ್ಟೆ.

ನಿಜವಾದ ಫಲ ಸಿಕ್ಕಿದ್ದು ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಿಂದ. ಪೈ ಕ್ಯಾಮೆರಾದಲ್ಲಿ ನೋಐಆರ್ ಎಂಬ ಬಗೆ ಇದೆ, ಅವಕೆಂಪನ್ನು ತಡೆಯುವ ಗಾಜು ಅದರಲ್ಲಿ ಇರುವುದಿಲ್ಲ. ಅದರ ಮುಂದೆ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಮಾತ್ರ ಬಿಡುವ ಫಿಲ್ಟರ್ ಇಟ್ಟೆ. ಪಕ್ಕದಲ್ಲಿ 850 ನ್ಯಾನೊಮೀಟರ್ ಎಲ್‌ಇಡಿಗಳು, ಸಿಸಿಟಿವಿ ಕ್ಯಾಮೆರಾಗಳಲ್ಲಿ ರಾತ್ರಿ ಮಂದ ಕೆಂಪಾಗಿ ಕಾಣುತ್ತವಲ್ಲ, ಅವೇ. ಫೋನಿನ ಪರದೆ ಈ ಬೆಳಕನ್ನು ಹೊರಸೂಸುವುದಿಲ್ಲ. ಹಾಗಾಗಿ ಫೋನು ಹಿಡಿದರೆ ಕ್ಯಾಮೆರಾಗೆ ಕಾಣುವುದು ಬರೀ ಕಪ್ಪು ಹಲಗೆ. ಒಂದು ಸಾಲು ಪ್ರೋಗ್ರಾಂ ಬರೆಯದೆ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರೂ ಆಟದಿಂದ ಹೊರಗೆ. ರಾತ್ರಿ ಹಗಲು ಬೆಳಕು ಹೆಚ್ಚುಕಮ್ಮಿ ಒಂದೇ ಆಗಿ, ಅಮ್ಮನ ಸಂಜೆಯ ಅಂಕವೂ ಮೇಲೆ ಬಂತು. ಎಲ್ಲರ ಮುಖವನ್ನೂ ಇದೇ ಬೆಳಕಿನಲ್ಲಿ ಮತ್ತೆ ತೆಗೆದುಕೊಳ್ಳಬೇಕಾಯಿತು. ಬಣ್ಣದ ಚಿತ್ರವನ್ನೂ ಅವಕೆಂಪಿನ ಚಿತ್ರವನ್ನೂ ಹೋಲಿಸಿದರೆ ಅಂಕ ಚೆನ್ನಾಗಿ ಬರುವುದಿಲ್ಲ.

ಈ ಚಿತ್ರಗಳನ್ನು ನೋಡುವುದೇ ಒಂದು ಖುಷಿ. ಚರ್ಮ ನಯವಾಗಿ ಬೆಳ್ಳಗೆ ಕಾಣುತ್ತದೆ. ಹಣೆಯ ಕುಂಕುಮ ಹೆಚ್ಚುಕಡಿಮೆ ಮಾಯ. ಮಗುವಿನ ಕೆನ್ನೆಯ ಕಾಡಿಗೆ ಬೊಟ್ಟು ಮಾತ್ರ ಕರ್ರಗೆ ಉಳಿಯುತ್ತದೆ, ಅದು ಮಸಿ ಅಲ್ವಾ.

ಮಸಿಯೇ ಮುಂದೆ ತೊಂದರೆ ಕೊಟ್ಟದ್ದು. ಸ್ಟುಡಿಯೋದ ಬಣ್ಣದ ಫೋಟೊ ಅವಕೆಂಪಿನಲ್ಲಿ ಮಾಸಿದ ಬಿಳಿ ಕಾಗದವಾಯಿತು. ಅದರ ಬಣ್ಣಗಳು ಈ ಬೆಳಕನ್ನು ಹೀರುವುದಿಲ್ಲ. ಆಮೇಲೆ ಅದೇ ಫೋಟೊವನ್ನು ರಸ್ತೆ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರತಿ ಮಾಡಿಸಿದೆ. ಜೆರಾಕ್ಸಿನ ಪುಡಿಯಲ್ಲಿ ಇರುವುದು ಇಂಗಾಲದ ಮಸಿ, ಅವಕೆಂಪನ್ನೂ ಅದು ಹೀರುತ್ತದೆ. ಹಾಳೆಯ ಮೇಲೆ ಅಮ್ಮನ ಮುಖ ಸ್ಪಷ್ಟವಾಗಿ ನಿಂತಿತು. ಬಾಗಿಲು ತೆರೆಯಿತು. ದುಬಾರಿ ಬಣ್ಣದ ಫೋಟೊಗೆ ಬಗ್ಗದ ಬೀಗ ಅಗ್ಗದ ಜೆರಾಕ್ಸಿಗೆ ಬಗ್ಗಿತು. ನೋಐಆರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ದಯವಿಟ್ಟು ಒಂದು ಜೆರಾಕ್ಸ್ ಹಿಡಿದು ನೋಡಿ.

ಮುಂದಿನ ಹೆಜ್ಜೆ ತಲೆ ತಿರುಗಿಸುವುದು. ಮುಖ ಒಪ್ಪಿಗೆಯಾದ ಮೇಲೆ ಸ್ಪೀಕರ್ ಹೇಳುತ್ತದೆ: "ಸ್ವಲ್ಪ ಎಡಕ್ಕೆ ನೋಡಿ." ಇಲ್ಲವೇ ಬಲಕ್ಕೆ. ಯಾವುದು ಎಂಬುದು ಪ್ರತಿ ಸಲ ಯಂತ್ರದ ಇಷ್ಟ. ಮೂಗು ಮುಖದಿಂದ ಮುಂದಕ್ಕೆ ಚಾಚಿಕೊಂಡಿದೆ. ನಿಜವಾದ ಮನುಷ್ಯ ಎಡಕ್ಕೆ ತಿರುಗಿದರೆ ಮೂಗಿನ ತುದಿಯ ಚುಕ್ಕಿ ಒಂದು ಕಣ್ಣಿನ ಕಡೆ ಜಾರುತ್ತದೆ, ಇನ್ನೊಂದರಿಂದ ದೂರವಾಗುತ್ತದೆ. ಚಪ್ಪಟೆ ಹಾಳೆಯನ್ನು ತಿರುಗಿಸಿದರೆ ಕಣ್ಣು ಮೂಗು ಎಲ್ಲ ಒಟ್ಟಿಗೆ ಕಿರಿದಾಗುತ್ತವೆ, ಅವುಗಳ ನಡುವಿನ ಪಾಲು ಹಾಗೇ ಇರುತ್ತದೆ. ಯುನೆಟ್ ಕೊಡುವ ಐದು ಚುಕ್ಕಿಗಳಲ್ಲೇ ಈ ಲೆಕ್ಕ ಮುಗಿಯುತ್ತದೆ. ಹಾಳೆ ಸೋತಿತು.

ಹಾಳೆಯನ್ನು ಡಬ್ಬಿಯ ಮೇಲೆ ಸುತ್ತಿದಂತೆ ಬಗ್ಗಿಸಿ ಹಿಡಿದಾಗ ಮಾತ್ರ ಅಂಕಿಗಳು ಗಡಿಯ ಹತ್ತಿರ ಬಂದವು. ಮೂಗಿನ ಭಾಗವನ್ನು ಕತ್ತರಿಸಿ ಎತ್ತಿ ಅಂಟಿಸಿದರೆ ಇನ್ನೂ ಹತ್ತಿರ. ತಾಳ್ಮೆ ಇರುವವರು ಇದನ್ನು ಗೆಲ್ಲಬಹುದು ಎಂದೇ ನಾನು ಇಟ್ಟುಕೊಂಡಿದ್ದೇನೆ. ಫೇಸ್ ಐಡಿ ಇರುವ ಫೋನು ಮುಖದ ಮೇಲೆ 30,000ಕ್ಕೂ ಹೆಚ್ಚು ಅವಕೆಂಪು ಚುಕ್ಕಿ ಚೆಲ್ಲಿ ಆಳ ಅಳೆಯುತ್ತದೆ. ಒಂದೇ ಕಣ್ಣಿನ ನನ್ನ ಕ್ಯಾಮೆರಾಗೆ ಆ ಶಕ್ತಿ ಇಲ್ಲ.

ಮುಖಕ್ಕೆ ಒಂದು ಜೊತೆ

ಉತ್ತರ ಸಿಕ್ಕಿದ್ದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಪ್ರಯಾಣಿಕರನ್ನು ಮುಖ ನೋಡಿ ಒಳಗೆ ಬಿಡುವ ಡಿಜಿ ಯಾತ್ರಾ 2022ರ ಡಿಸೆಂಬರಿನಲ್ಲಿ ಮೊದಲು ಶುರುವಾದ ನಿಲ್ದಾಣಗಳಲ್ಲಿ ಅದೂ ಒಂದು. ಅಲ್ಲಿ ಸುಮ್ನೆ ಮುಖ ತೋರಿಸಿದರೆ ಒಳಗೆ ಹೋಗುವ ಗೇಟು ತೆರೆಯುವುದಿಲ್ಲ. ಮೊದಲು ಬೋರ್ಡಿಂಗ್ ಪಾಸ್ ತೋರಿಸಬೇಕು, ಆಮೇಲೆ ಮುಖ. "ನಾನು ಇಂಥವರು" ಎಂದು ಪಾಸು ಹೇಳುತ್ತದೆ, "ಹೌದಾ" ಎಂದು ಮುಖ ನೋಡಿ ಪರೀಕ್ಷಿಸುತ್ತಾರೆ. ಜೊತೆಗೆ ಪಕ್ಕದಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ನಿಂತಿರುತ್ತಾರೆ. ಅಲ್ಲಿ ಹಾಳೆ ಹಿಡಿದು ನಿಲ್ಲಲು ಯಾರಿಗೂ ಧೈರ್ಯ ಬರದು. ನಮ್ಮ ಬಾಗಿಲಲ್ಲಿ ಕಾವಲಿನವರು ಇಲ್ಲ, ಪಾಸಂತೂ ಇರಬಹುದಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರಸ್ತೆಯಿಂದ, ಬಿಲ್ಲೆ ಹತ್ತಿರ ತಂದರೆ ಓದುವ ಆರ್‌ಸಿ522 ರೀಡರ್ ತಂದೆ. ಮುಟ್ಟಿಸುವ ಬಿಲ್ಲೆಗಳು ಅದರ ಜೊತೆಗೇ ಸಿಗುತ್ತವೆ. ಅಮ್ಮನ ಬಿಲ್ಲೆ ಅವರ ಪರ್ಸಿನ ಒಳಗೆ ಹೊಲಿದು ಕೂತಿದೆ. ಪರ್ಸನ್ನು ಚೌಕಟ್ಟಿನ ಒಂದು ಗುರುತಿಗೆ ತಾಗಿಸಿದರೆ ಕ್ಯಾಮೆರಾ ಎಚ್ಚರವಾಗುತ್ತದೆ, ಮತ್ತು ಅಮ್ಮನ ಮುಖವನ್ನು ಮಾತ್ರ ಹುಡುಕುತ್ತದೆ. ಬೆರಳಿಗೆ ಏನೂ ಕೆಲಸವಿಲ್ಲ.

ಇದರಿಂದ ಮೂರು ಗಂಟುಗಳು ಒಟ್ಟಿಗೆ ಬಿಚ್ಚಿದವು. ಐದು ಜನರ ಪಟ್ಟಿಯ ಜೊತೆ ಹೋಲಿಸುವ ಬದಲು ಒಬ್ಬರ ಜೊತೆ ಹೋಲಿಕೆ. ಬಿಲ್ಲೆ ಇಲ್ಲದವರಿಗೆ ಕ್ಯಾಮೆರಾ ಏಳುವುದೇ ಇಲ್ಲ, ಹಾಗಾಗಿ ಸುಮ್ನೆ ನಿಂತು ಪ್ರಯತ್ನಿಸುವ ಅವಕಾಶ ಹೋಯಿತು. ಇನ್ನು ಗಡಿಯನ್ನು ಅಮ್ಮನಿಗೆ ಅಂತಲೇ ಬೇರೆ ಇಡಬಹುದು. ಅವಕೆಂಪಿನಲ್ಲಿ ಅವರ ಅಂಕ ಸಂಜೆಯೂ 0.6ರ ಮೇಲೆ ಇರುವುದರಿಂದ 0.52 ಇಟ್ಟಿದ್ದೇನೆ. ಚಿಕ್ಕಮ್ಮ ಅದರ ಕೆಳಗೇ ಇದ್ದಾರೆ, ಅವರ ಹತ್ತಿರ ಬಿಲ್ಲೆಯೂ ಇಲ್ಲ.

ಈ ಅಗ್ಗದ ಬಿಲ್ಲೆಗಳು ತಾವೇ ಭದ್ರವಲ್ಲ, ತಿಳಿದವರು ನಕಲು ಮಾಡುತ್ತಾರೆ. ಪರ್ಸು ಕಳೆದೂ ಹೋಗಬಹುದು. ಆದರೆ ಪರ್ಸು ಕದ್ದವರಿಗೆ ಮುಖ ಬೇಕು, ಜೆರಾಕ್ಸ್ ಹಿಡಿದವರಿಗೆ ಪರ್ಸು ಬೇಕು. ಎರಡನ್ನೂ ಸೇರಿಸಿ, ಮೂಗು ಎತ್ತಿದ ಮುಖವಾಡ ಮಾಡಿಕೊಂಡು ಬರುವವರು ಬಾಗಿಲನ್ನು ಒಡೆಯುವುದೇ ಸುಲಭ.

ಈಗ ಹೇಗಿದೆ

ರಾತ್ರಿ ಎಲ್ಲರೂ ಮಲಗುವಾಗ ಒಳಗಿನ ಚಿಲಕ ಹಾಕುತ್ತೇವೆ, ಅದಕ್ಕೂ ಈ ಯಂತ್ರಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಯಾರೂ ಇಲ್ಲದೆ ಊರಿಗೆ ಹೋಗುವಾಗ ಹಳೆಯ ಕೀ ಬೀಗ. ಮುಖದ ಬೀಗ ಕೆಲಸ ಮಾಡುವುದು ಉಳಿದ ಹೊತ್ತಿನಲ್ಲಿ, ಅಂದರೆ ಅಮ್ಮ ಹೂವಿಗೆ, ತರಕಾರಿಗೆ, ದೇವಸ್ಥಾನಕ್ಕೆ ಹೋಗಿ ಬರುವ ಹೊತ್ತಿನಲ್ಲಿ. ಅದು ಬೇಕಾಗಿದ್ದದ್ದೇ ಆಗ.

ಪೈಯನ್ನು ಇಂಟರ್ನೆಟ್ಟಿಗೆ ಸೇರಿಸಿಲ್ಲ. ಒಳಗೆ ಇರುವುದು 128 ಅಂಕಿಗಳ ಸಾಲುಗಳು, ಚಿತ್ರಗಳಲ್ಲ. ಬಾಗಿಲಿಗೆ ಬಂದ ಹೊರಗಿನವರ ಮುಖ ಎಲ್ಲೂ ಉಳಿಯುವುದಿಲ್ಲ. ಹಾಲಿನವರು, ಪೇಪರಿನವರು, ಗ್ಯಾಸಿನವರು ದಿನಾ ಬರುತ್ತಾರೆ, ಅವರ ಮುಖ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. ಗುರುತು ಬಿಟ್ಟುಕೊಡುವ ಈ ಅಂಕಿಗಳೂ ಸೂಕ್ಷ್ಮವೇ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಅಮ್ಮನ ಮುಖವನ್ನು ಬದಲಾಯಿಸಲಾಗದು.

ಮುಂದಿನ ಪರೀಕ್ಷೆ ಮಳೆಗಾಲದ್ದು. ತೇವಕ್ಕೆ ಮರದ ಕದ ಉಬ್ಬಿದರೆ ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ಉಜ್ಜುತ್ತದೆ, 12 ವೋಲ್ಟಿನ ಸುರುಳಿಗೆ ಅದನ್ನು ಎಳೆಯುವ ಬಲ ಸಾಲದೆ ಹೋಗಬಹುದು. ಅದಕ್ಕೆ ತೂತನ್ನು ಅರ ಹಾಕಿ ಸ್ವಲ್ಪ ಅಗಲ ಮಾಡಿ, ಹಿತ್ತಾಳೆಯ ತಗಡು ಹೊದಿಸಿದ್ದೇನೆ. ಬಾಗಿಲನ್ನು ಒಬ್ಬರು ಹೊರಗಿನಿಂದ ಒತ್ತಿ ಹಿಡಿದಿರುವಾಗ ನಾಲಿಗೆ ಸರಿಯುತ್ತದೆಯೇ ಎಂದು ಈಗಲೇ ನೋಡಿಯಾಗಿದೆ, ಸರಿಯುತ್ತದೆ. ಕದ ನೆನೆದು ಉಬ್ಬಿದಾಗಲೂ ಸರಿಯುತ್ತದೆಯೇ ಎಂಬುದನ್ನು ಆಷಾಢದ ಗಾಳಿ ಮಳೆ ಬಂದ ಮೇಲೆ ನೋಡಬೇಕು. ಸರಿಯದಿದ್ದರೆ ಇನ್ನೂ ಬಲವಾದ ಸಾಲಿನಾಯ್ಡ್ ಹಾಕುತ್ತೇನೆ. 555ರ ಹಿಂದಿನ ಮಾಸ್‌ಫೆಟ್ಟಿಗೆ ಅಷ್ಟು ಹೊರೆ ತಡೆಯುವ ಶಕ್ತಿ ಇದೆ.